‘ಬಿತ್ತು’ ಎನ್ನುತ್ತಿದ್ದವಳು ‘ಬೀಳಿತು’ ಎನ್ನತೊಡಗಿದಾಗ

ಪ್ರಶ್ನೆ: ನನ್ನ ಮಗಳಿಗೆ ಈಗ ಎರಡು ವರ್ಷ ಏಳು ತಿಂಗಳು. ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಬಿಡುವಿಲ್ಲ. ಗೊಂಬೆಗೆ ‘ಬನ್ನಿ, ಕೂತ್ಕೊಳ್ಳಿ’ ಅನ್ನುತ್ತಾಳೆ, ತಾತನಿಗೆ ಮಾತ್ರ ‘ಬಾರೋ’. ರಾತ್ರಿ ಮಲಗುವ ಮುಂಚೆ ಮನೆಯ ಚಪ್ಪಲಿಗಳನ್ನೆಲ್ಲ ಮುಖಾಮುಖಿ ಇಡಬೇಕು, ಅವು ‘ಮಾತಾಡ್ಕೊಳ್ಳಿ’ ಅಂತೆ. ಒಂದು ಜೊತೆ ಬೆನ್ನು ತಿರುಗಿಸಿದ್ದರೂ ರಂಪ. ಇದನ್ನೆಲ್ಲ ಬರೆದಿಡಬೇಕೆಂದು ಒಂದು ನೋಟ್‌ಬುಕ್ ತಂದೆ. ಮೊದಲ ವಾರ ದಿನಾ ಬರೆದೆ, ಆಮೇಲೆ ಆಗಲಿಲ್ಲ. ನಾಲ್ಕು ತಿಂಗಳಿಂದ ಪುಟಗಳು ಖಾಲಿ. ಎಷ್ಟೋ ಮಾತು ಕಳೆದುಹೋಯಿತಲ್ಲ ಎಂದು ಸಂಕಟವಾಗುತ್ತದೆ. ನಮ್ಮೆಜಮಾನರು ಎಲ್ಲವನ್ನೂ ಫೋನಿನಲ್ಲಿ ವಿಡಿಯೋ ಮಾಡಿ ನೆಂಟರ ಗುಂಪಿಗೆ ಕಳಿಸುತ್ತಾರೆ. ಈಗೀಗ ಅವಳು ಏನಾದರೂ ಹೇಳುವ ಮುಂಚೆ ‘ಫೋನ್ ತಗೊಂಡ್ಯಾ?’ ಎಂದು ಕೇಳುತ್ತಾಳೆ. ಅತ್ತೆಯವರದು ಇನ್ನೊಂದು ಮಾತು: ‘ತಪ್ಪಿಗೆ ನಕ್ಕರೆ ಅದೇ ನಿಂತುಬಿಡುತ್ತೆ, ತಿದ್ದು’ ಅಂತ. ನಿಜಕ್ಕೂ ಮೊದಲು ‘ಬಿತ್ತು’ ಎಂದು ಸರಿಯಾಗಿಯೇ ಹೇಳುತ್ತಿದ್ದವಳು ಈಗ ‘ಬೀಳಿತು’ ಎನ್ನುತ್ತಾಳೆ. ‘ಕೊಟ್ರು’ ಹೋಗಿ ‘ಕೊಡಿದ್ರು’ ಬಂದಿದೆ. ಪಾರ್ಕಿನಲ್ಲಿ ಬೇರೆ ಮಕ್ಕಳ ಜೊತೆ ಸೇರುವುದಿಲ್ಲ, ನಿಂತು ನೋಡುತ್ತಾಳೆ ಅಷ್ಟೆ. ಮನೆಗೆ ಬಂದ ಮೇಲೆ ಅಲ್ಲಿದ್ದ ಹುಡುಗ ‘ನನ್ ಫ್ರೆಂಡು’. ಒಮ್ಮೆ ಅವನು ಬಿದ್ದು ಅತ್ತಾಗ ಓಡಿ ಬಂದು ನನ್ನ ಕೈ ಹಿಡಿದು ಅವನ ಹತ್ತಿರ ಎಳೆದೊಯ್ದಳು, ಅವನ ಅಮ್ಮ ಪಕ್ಕದಲ್ಲೇ ಇದ್ದರೂ. ಕೊನೆಯದಾಗಿ, ಮೊನ್ನೆ ರಾತ್ರಿ ‘ನಿನ್ನೆ ನಾನು ದೊಡ್ಡೋಳಾಗಿದ್ದಾಗ ನಿನ್ನ ಎತ್ಕೊಂಡಿದ್ದೆ’ ಅಂದಳು. ‘ಇಲ್ಲಮ್ಮ, ನೀನು ಯಾವತ್ತೂ ದೊಡ್ಡೋಳಾಗಿರಲಿಲ್ಲ’ ಅಂದೆ. ಸುಮ್ಮನಾಗಿಬಿಟ್ಟಳು. ಏನೋ ತಪ್ಪು ಮಾಡಿದೆ ಅನ್ನಿಸಿತು. ಈ ಮಾತುಗಳನ್ನೆಲ್ಲ ಹೇಗೆ ಉಳಿಸಿಕೊಳ್ಳಲಿ? ತಿದ್ದಬೇಕೋ, ಬಿಡಬೇಕೋ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೋಟ್‌ಬುಕ್ ಖಾಲಿ ಎಂದು ಕೊರಗುತ್ತಲೇ ನೀವು ಇಷ್ಟೊಂದು ಸಂಗತಿಗಳನ್ನು, ಅದೂ ಹಿಂದುಮುಂದಿನ ಸಮೇತ, ಬರೆದು ಕಳಿಸಿದ್ದೀರಿ. ಮೊದಲ ಕೆಲಸ ಇದು: ಈ ಪತ್ರದ ಒಂದು ನಕಲನ್ನು ಆ ನೋಟ್‌ಬುಕ್ಕಿಗೆ ಅಂಟಿಸಿ, ಮೇಲೆ ತಾರೀಖು ಹಾಕಿ. ನಾಲ್ಕು ತಿಂಗಳ ಸಾಲ ಅರ್ಧ ತೀರಿದಂತೆ.

ಉಳಿದರ್ಧದ ಬಗ್ಗೆ ಬೇಸರ ಬೇಡ. ಚಾರ್ಲ್ಸ್ ಡಾರ್ವಿನ್ ತಮ್ಮ ಮೊದಲ ಮಗನ ಬಾಲ್ಯವನ್ನು ಟಿಪ್ಪಣಿ ಮಾಡಿಟ್ಟಿದ್ದರು. ಆ ಮಗು ಹುಟ್ಟಿದ್ದು 1839ರ ಡಿಸೆಂಬರ್‌ನಲ್ಲಿ. ಟಿಪ್ಪಣಿಗಳು ಲೇಖನವಾಗಿ ಅಚ್ಚಾದದ್ದು 1877ರಲ್ಲಿ. ನಡುವೆ ಮೂವತ್ತೇಳು ವರ್ಷ! ಮಗು ದಿನಾ ಏನು ಮಾಡಿತು ಎಂಬ ವರದಿಯೇನೂ ಆ ಲೇಖನದಲ್ಲಿಲ್ಲ. ಕೋಪ, ಭಯ, ನಾಚಿಕೆ, ಮೊದಲ ಮಾತು ಹೀಗೆ ಕಣ್ಣಿಗೆ ಬಿದ್ದದ್ದು, ಮನಸ್ಸಿಗೆ ನಾಟಿದ್ದು ಇದೆ. ಅದರಲ್ಲೊಂದು ಸಾಲು ಕನ್ನಡದ ಓದುಗರಿಗೆ ತಮಾಷೆಯಾಗಿ ಕಾಣುತ್ತದೆ. ಸರಿಯಾಗಿ ಒಂದು ವರ್ಷ ತುಂಬಿದಾಗ ಆ ಮಗು ಊಟಕ್ಕೆ ತಾನೇ ಒಂದು ಪದ ಕಟ್ಟಿತಂತೆ: ‘ಮಮ್’. ಅದು ಆ ಮಗುವಿನ ಸ್ವಂತ ಸೃಷ್ಟಿ ಎಂದು ಡಾರ್ವಿನ್ ಬೆರಗುಪಟ್ಟಿದ್ದಾರೆ. ನಮ್ಮ ಮಕ್ಕಳಿಗೆ ನಾವು ತುತ್ತು ತೋರಿಸಿ ‘ಮಮ್ಮು’ ಎನ್ನುವುದನ್ನು ಅವರು ಕೇಳಿದ್ದರೆ ಏನೆನ್ನುತ್ತಿದ್ದರೋ.

ದಿನಾ ಬರೆಯಲೇಬೇಕು ಎಂಬ ಹಟವೇ ನೋಟ್‌ಬುಕ್ಕಿನ ಶತ್ರು. ವಾರಕ್ಕೆ ಒಂದೇ ಸಂಗತಿ ಬರೆದರೂ ವರ್ಷಕ್ಕೆ ಐವತ್ತಾಗುತ್ತದೆ. ಆದರೆ ಆ ಒಂದನ್ನು ಹೇಗೆ ಬರೆಯುತ್ತೀರಿ ಎನ್ನುವುದು ಮುಖ್ಯ. ಇಲ್ಲಿ ನನ್ನ ಸ್ವಂತ ಪೆಟ್ಟಿನ ಕಥೆ ಹೇಳಬೇಕು. ಮಕ್ಕಳ ಮಾತನ್ನೇ ವೃತ್ತಿಯಾಗಿಸಿಕೊಂಡ ನಾನೂ ನನ್ನ ಮಗನಿಗಾಗಿ ಒಂದು ಪುಸ್ತಕ ಇಟ್ಟಿದ್ದೆ. ಹತ್ತು ವರ್ಷ ಬಿಟ್ಟು ತೆರೆದಾಗ ಒಂದು ಪುಟದಲ್ಲಿ ಹೀಗಿತ್ತು: ‘ಇವತ್ತು ಬಕೆಟ್ ವಿಷಯಕ್ಕೆ ಏನು ನಗಿಸಿದ! ಇದನ್ನಂತೂ ಮರೆಯೋಕೇ ಸಾಧ್ಯವಿಲ್ಲ.’ ಯಾವ ಬಕೆಟ್, ಏನು ನಗೆ, ಒಂದೂ ನೆನಪಿಲ್ಲ. ಮನೆಯಲ್ಲಿ ಯಾರಿಗೂ ನೆನಪಿಲ್ಲ. ಆ ಪುಟದಲ್ಲಿ ನನ್ನ ನಗು ಇದೆ, ಅವನ ಮಾತಿಲ್ಲ.

ಹೀಗಾಗುವುದು ನನ್ನೊಬ್ಬರ ಹಣೆಬರಹವೂ ಅಲ್ಲ. 1963ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಮಗು ಹುಟ್ಟಿದಾಗಿನಿಂದ ಸಂಶೋಧಕರಿಗೆ ಹೇಳುತ್ತ ಬಂದ ವಿವರಗಳನ್ನೇ ತಂದೆತಾಯಿಯರನ್ನು ಮಗುವಿಗೆ ಮೂರು ವರ್ಷವಾದಾಗ ಮತ್ತೆ ಕೇಳಿದರು. ಎದೆಹಾಲು ಬಿಡಿಸಿದ್ದು ಯಾವಾಗ, ಬೆರಳು ಚೀಪುತ್ತಿತ್ತೋ ಇಲ್ಲವೋ ಎಂಬಂಥ ಸಾದಾ ಪ್ರಶ್ನೆಗಳು. ಉತ್ತರಗಳು ಹಳೆಯ ದಾಖಲೆಗೆ ತಾಳೆಯಾಗಲಿಲ್ಲ. ಸ್ವಾರಸ್ಯವೆಂದರೆ ಆ ತಪ್ಪುಗಳು ದಿಕ್ಕುದೆಸೆಯಿಲ್ಲದೆ ಆದವೂ ಅಲ್ಲ, ಆ ಕಾಲದ ಮಕ್ಕಳತಜ್ಞರು ಏನು ಮಾಡಬೇಕೆಂದು ಹೇಳುತ್ತಿದ್ದರೋ ಆ ಕಡೆಗೇ ವಾಲಿದ್ದವು. ಬರೀ ಮರೆತುಹೋದರೆ ಜಾಗ ಖಾಲಿ ಉಳಿಯುತ್ತದೆ, ಅಷ್ಟೆ. ನೆನಪು ಖಾಲಿ ಬಿಡುವುದಿಲ್ಲ, ‘ಒಳ್ಳೆಯ ಅಮ್ಮ’ನ ಕಥೆಯೊಂದನ್ನು ತುಂಬಿಬಿಡುತ್ತದೆ. ಹಾಗಾಗಿ ‘ಇದು ಮರೆಯುವ ಮಾತಾ?’ ಎಂದು ಅನ್ನಿಸಿದ ಮಾತನ್ನೇ ಮೊದಲು ಬರೆಯಿರಿ.

ಬರೆಯುವಾಗ ಮಾತನ್ನು ಒಂಟಿಯಾಗಿ ಬರೆಯಬೇಡಿ. ಅದಕ್ಕೆ ಮುಂಚೆ ಏನಾಯಿತು, ಯಾರು ಏನು ಕೇಳಿದರು, ಅವಳು ಕೈಯಲ್ಲಿ ಏನು ಹಿಡಿದಿದ್ದಳು, ನೀವು ಉತ್ತರ ಕೊಟ್ಟ ಮೇಲೆ ಅವಳು ಏನಂದಳು, ಇಷ್ಟು ಸೇರಿಸಿದರೆ ನಾಲ್ಕು ಸಾಲು. ‘ಚಪ್ಪಲಿ ಮಾತಾಡ್ಕೊಳ್ಳಿ ಅಂದಳು’ ಎಂದು ಬರೆದಿದ್ದರೆ ಐದು ವರ್ಷದ ಮೇಲೆ ಅದು ಮುದ್ದಾದ ಮಾತು, ಅಷ್ಟೆ. ‘ಒಂದು ಜೊತೆ ಬೆನ್ನು ತಿರುಗಿಸಿದ್ದರೂ ರಂಪ’ ಎಂದು ನೀವು ಸೇರಿಸಿದ್ದೀರಲ್ಲ, ಅಲ್ಲಿ ಮಗು ಕಾಣುತ್ತದೆ. ಮುಖ ನೋಡಿದರೇ ಮಾತು, ಬೆನ್ನು ತಿರುಗಿಸಿದರೆ ಮುನಿಸು ಎಂದು ಎರಡೂವರೆ ವರ್ಷದ ಜೀವವೊಂದು ನಿಮ್ಮೆಲ್ಲರನ್ನೂ ನೋಡಿ ಕಂಡುಕೊಂಡಿದೆ.

ಇನ್ನೊಂದು ಅನುಕೂಲ ನಮ್ಮ ಲಿಪಿಯದು. ಕೇಳಿದ್ದನ್ನು ಕೇಳಿದಂತೆಯೇ ಬರೆಯಬಹುದು. ‘ರಾತ್ರಿ’ ಅವಳ ಬಾಯಲ್ಲಿ ‘ಲಾತ್ತಿ’ ಆದರೆ ‘ಲಾತ್ತಿ’ ಎಂದೇ ಬರೆಯಿರಿ, ಪಕ್ಕದಲ್ಲಿ ಅರ್ಥ ಹಾಕಿ. ಮಕ್ಕಳಿಗೆ ‘ರ’ ತಡವಾಗಿ ಒಲಿಯುವ ಸದ್ದುಗಳಲ್ಲಿ ಒಂದು. ಅದು ಬಂದ ದಿನ ‘ಲಾತ್ತಿ’ ಹೇಳದೆ ಕೇಳದೆ ಹೊರಟುಹೋಗುತ್ತದೆ. ಒಂದು ಪ್ರಯೋಗವನ್ನೂ ಮಾಡಿ ನೋಡಿ. ನೀವೇ ‘ಲಾತ್ತಿ ಆಯ್ತಾ?’ ಎಂದು ಕೇಳಿ. ಬಹಳ ಮಕ್ಕಳು ಸಿಟ್ಟಾಗುತ್ತಾರೆ: ‘ಲಾತ್ತಿ ಅಲ್ಲ, ಲಾತ್ತಿ!’ 1960ರಲ್ಲಿ ಜೀನ್ ಬರ್ಕೋ ಮತ್ತು ರೋಜರ್ ಬ್ರೌನ್ ಎಂಬ ಮಕ್ಕಳ ಭಾಷೆಯ ಸಂಶೋಧಕರು ಇಂಥದೇ ಒಂದು ಮಗುವಿನ ಬಗ್ಗೆ ಬರೆದರು. ಆಟದ ಮೀನನ್ನು ಅದು ‘ಫಿಸ್’ ಎನ್ನುತ್ತಿತ್ತು, ದೊಡ್ಡವರು ‘ಫಿಸ್’ ಎಂದರೆ ಒಪ್ಪುತ್ತಿರಲಿಲ್ಲ, ‘ಫಿಶ್’ ಎಂದಾಗ ಮಾತ್ರ ಹೂಂ ಎನ್ನುತ್ತಿತ್ತು. ಕಿವಿಗೆ ಸರಿಯಾದದ್ದು ಗೊತ್ತು, ನಾಲಿಗೆ ಇನ್ನೂ ಕಲಿಯುತ್ತಿದೆ. ಈ ಪ್ರಯೋಗವನ್ನು ಒಂದು ಸಲ ಮಾಡಿ, ಸಾಕು. ಪದೇಪದೇ ಮಾಡಿದರೆ ಅಣಕಿಸಿದಂತಾಗುತ್ತದೆ.

ಈಗ ‘ಬೀಳಿತು’ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಸಾಲು ಇದೇ, ಅತ್ತೆಯವರಿಗೆ ಕಳವಳ ತಂದ ಸಾಲೂ ಇದೇ.

ಒಂದೂಮುಕ್ಕಾಲು, ಎರಡು ವರ್ಷದ ಹೊತ್ತಿಗೆ ಮಗು ‘ಬಿತ್ತು’ ಎಂದಾಗ ಅದು ಬಿಡಿಸಲಾರದ ಒಂದು ಉಂಡೆ. ಏನಾದರೂ ನೆಲಕ್ಕೆ ಬಡಿದಾಗ ದೊಡ್ಡವರು ಮಾಡುವ ಸದ್ದು, ಹೆಚ್ಚುಕಡಿಮೆ ‘ಧೊಪ್’ ಎಂದಹಾಗೆ. ‘ಬೀಳು’ ಎಂಬುದಕ್ಕೂ ಅದಕ್ಕೂ ನಂಟಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ಸುತ್ತಲೂ ಕೇಳುತ್ತ ಹೋದಳು: ಮಾಡು–ಮಾಡಿತು, ಓಡು–ಓಡಿತು, ಹಾಡು–ಹಾಡಿತು, ಹಾರು–ಹಾರಿತು. ಯಾರೂ ಹೇಳಿಕೊಡದೆ ಅವಳೊಂದು ಸೂತ್ರ ಕಂಡುಕೊಂಡಳು. ಆಗಿಹೋದದ್ದಕ್ಕೆ ಹೀಗೆ ಬಾಲ ಹಚ್ಚಬೇಕು. ಹಚ್ಚಿದಳು: ಬೀಳು–ಬೀಳಿತು, ಕೊಡು–ಕೊಡಿದ್ರು. ಮನೆಯಲ್ಲಿ ಯಾರೂ ‘ಬೀಳಿತು’ ಎಂದು ಹೇಳಿಲ್ಲ ತಾನೇ? ಹಾಗಾದರೆ ಅದು ಕೇಳಿ ಕಲಿತ ತಪ್ಪಲ್ಲ, ಯೋಚಿಸಿ ಕಟ್ಟಿದ ಮಾತು. ಹಿಂದೆ ಅವಳಿಗೆ ‘ಬಿತ್ತು’ ಬರುತ್ತಿತ್ತು, ವ್ಯಾಕರಣ ಬರುತ್ತಿರಲಿಲ್ಲ. ಈಗ ವ್ಯಾಕರಣ ಬಂದಿದೆ. ಸೂತ್ರಕ್ಕೆ ಒಗ್ಗದ ಕ್ರಿಯಾಪದಗಳೂ ಇವೆ ಎಂಬ ಬೇಸರದ ಸಂಗತಿ ಗೊತ್ತಾಗಲು ಇನ್ನಷ್ಟು ಕಾಲ ಬೇಕು.

ಮಕ್ಕಳ ತಲೆಯಲ್ಲಿ ಇರುವುದು ಸೂತ್ರವೇ, ಬರೀ ಬಾಯಿಪಾಠವಲ್ಲ ಎಂದು ತೋರಿಸಿಕೊಟ್ಟವರೂ ಇದೇ ಜೀನ್ ಬರ್ಕೋ, 1958ರಲ್ಲಿ. ಯಾವ ಭಾಷೆಯಲ್ಲೂ ಇಲ್ಲದ ‘ವಗ್’ ಎಂಬ ಹಕ್ಕಿಯ ಚಿತ್ರ ಬರೆದು ಮಕ್ಕಳಿಗೆ ತೋರಿಸಿದರು. ಒಂದು ವಗ್ ಇದೆ, ಇಗೋ ಇನ್ನೊಂದು ಬಂತು, ಈಗ ಎರಡು…? ಮಕ್ಕಳು ತಮ್ಮ ಭಾಷೆಯ ಬಹುವಚನದ ಬಾಲವನ್ನು ಆ ಹುಸಿ ಪದಕ್ಕೂ ಹಚ್ಚಿದರು. ಹುಟ್ಟಿದಾಗಿನಿಂದ ಅವರು ಆ ಪದವನ್ನು ಕೇಳಿರಲು ಸಾಧ್ಯವೇ ಇರಲಿಲ್ಲ.

ಅತ್ತೆಯವರಿಗೆ ಇದನ್ನು ಹೇಗೆ ಹೇಳುವುದು? ‘ತಿದ್ದು’ ಎನ್ನುವ ಅವರ ಮಾತಿನಲ್ಲಿ ಅರ್ಧ ಸರಿ ಇದೆ. ಮಗುವಿಗೆ ಸರಿಯಾದ ರೂಪ ಕಿವಿಗೆ ಬೀಳುತ್ತಿರಬೇಕು. ‘ಹಾಗಲ್ಲ, ಬಿತ್ತು ಅನ್ನು, ಎಲ್ಲಿ ಹೇಳು ನೋಡೋಣ’ ಎಂದು ನಿಲ್ಲಿಸಿದರೆ ಮಾತ್ರ ಕೆಟ್ಟಿತು. ಗೊಂಬೆ ಬಿದ್ದ ಸುದ್ದಿ ಹೇಳಲು ಬಂದವಳಿಗೆ ಪರೀಕ್ಷೆ ಎದುರಾಗುತ್ತದೆ. ‘ಅಯ್ಯೋ, ಗೊಂಬೆ ಬಿತ್ತಾ? ಎಲ್ಲಿ ಬಿತ್ತು?’ ಎಂದು ಕೇಳಿ. ಎರಡು ಸಲ ‘ಬಿತ್ತು’ ಬಂತು, ಮಾತೂ ಮುಂದೆ ಹೋಯಿತು. ನಕ್ಕರೆ ತಪ್ಪು ನಿಂತುಬಿಡುತ್ತದೆ ಎಂಬ ಭಯ ಬೇಡ. ಸುತ್ತಲಿನವರೆಲ್ಲ ‘ಬಿತ್ತು’ ಎನ್ನುವ ಮನೆಯಲ್ಲಿ ‘ಬೀಳಿತು’ ಹೆಚ್ಚು ಕಾಲ ಬಾಳುವುದಿಲ್ಲ. ಅಂದಹಾಗೆ, ರೋಜರ್ ಬ್ರೌನ್ ತಂಡದವರು ಅಮ್ಮ–ಮಗುವಿನ ಮಾತುಕತೆಯನ್ನು ಕೂತು ಪರಿಶೀಲಿಸಿದಾಗ ಇನ್ನೊಂದು ಕಂಡಿತ್ತು. ತಾಯಂದಿರು ವ್ಯಾಕರಣ ತಿದ್ದಲು ಹೋಗುವುದು ಕಡಿಮೆ, ತಿದ್ದುವುದು ಸತ್ಯ–ಸುಳ್ಳನ್ನು. ಮಗು ವಾಕ್ಯವನ್ನು ಸೊಟ್ಟಗೆ ಹೇಳಿದರೂ ಸಂಗತಿ ನಿಜವಾದರೆ ‘ಹೂಂ ಕಂದಾ’, ನೆಟ್ಟಗೆ ಹೇಳಿದರೂ ಸಂಗತಿ ಸುಳ್ಳಾದರೆ ‘ಅಲ್ಲ’. ನೀವು ‘ದೊಡ್ಡೋಳಾಗಿದ್ದಾಗ’ ಎಂಬ ಮಾತಿಗೆ ಮಾಡಿದ್ದೂ ಇದನ್ನೇ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನೋಟ್‌ಬುಕ್ಕಿನಲ್ಲಿ ಮುದ್ದು ಮಾತುಗಳ ಪಕ್ಕದಲ್ಲಿ ಇಂಥ ತಪ್ಪುಗಳಿಗೂ ಜಾಗ ಕೊಡಿ. ಇನ್ನೂ ಕೆಲವನ್ನು ಹೇಳುತ್ತೇನೆ, ಕಿವಿಗೊಟ್ಟು ನೋಡಿ. ‘ನಿಂಗೆ ಬೇಕು’ ಎಂದು ತನಗೆ ಬೇಕಾದ್ದನ್ನು ಕೇಳುತ್ತಾಳೆಯೇ? ದಿನವೂ ನೀವು ‘ನಿಂಗೆ ಬೇಕಾ?’ ಎಂದು ಕೇಳುತ್ತೀರಿ, ಹಾಗಾಗಿ ತನ್ನ ಹೆಸರೇ ‘ನೀನು’ ಎಂದುಕೊಳ್ಳುವುದರಲ್ಲಿ ತಪ್ಪೇನಿದೆ? ಮಾತಾಡುವವರು ಬದಲಾದಂತೆ ‘ನಾನು’ ಎನ್ನುವುದು ಇನ್ನೊಬ್ಬರದಾಗುತ್ತದೆ ಎಂಬುದು ದೊಡ್ಡ ಒಗಟು, ಅದನ್ನು ಬಿಡಿಸಿದ ದಿನ ಬರೆದಿಡುವಂಥದು.

ಇನ್ನು ‘ಬೇಡ’, ‘ಇಲ್ಲ’, ‘ಅಲ್ಲ’. ಅಮೆರಿಕದ ಸಂಶೋಧಕಿ ಲೋಯಿಸ್ ಬ್ಲೂಮ್ 1970ರಲ್ಲಿ ಇಂಗ್ಲಿಷ್ ಆಡುವ ಮಕ್ಕಳ ‘ನೋ’ ಎಂಬ ಒಂದೇ ಪದದೊಳಗೆ ಮೂರು ಅರ್ಥಗಳನ್ನು ಬಿಡಿಸಿ ತೋರಿಸಿದರು: ಇದ್ದದ್ದು ಈಗ ಕಾಣುತ್ತಿಲ್ಲ, ಇದು ನನಗೆ ಬೇಡ, ನೀನು ಹೇಳಿದ್ದು ನಿಜವಲ್ಲ. ಅಲ್ಲಿ ಸಂಶೋಧಕರು ಸಂದರ್ಭ ನೋಡಿ ಊಹಿಸಬೇಕು. ನಮ್ಮ ಮಕ್ಕಳು ಮೂರು ಬೇರೆ ಪದಗಳನ್ನೇ ಎತ್ತಿ ಕೊಡುತ್ತಾರೆ! ಸಾಮಾನ್ಯವಾಗಿ ಈ ಮೂರನೆಯದು, ಅಂದರೆ ಇನ್ನೊಬ್ಬರು ಹೇಳಿದ್ದನ್ನು ಅಲ್ಲಗಳೆಯುವುದು, ತಡವಾಗಿ ಬರುತ್ತದೆ. ಅದಕ್ಕೆ ಇನ್ನೊಬ್ಬರ ಮಾತನ್ನು ತಲೆಯಲ್ಲಿ ಹಿಡಿದು, ತನಗೆ ಗೊತ್ತಿರುವುದರ ಜೊತೆ ಹೋಲಿಸಿ, ಒಪ್ಪದೆ ಇರಬೇಕು. ನಿಮ್ಮ ಮಗಳು ನಿಮಗೆ ಎದುರಾಡಿ ‘ಅಲ್ಲ!’ ಎಂದಾಗ ಸಿಟ್ಟು ಬರುವುದು ಸಹಜ. ಸಿಟ್ಟು ಇಳಿದ ಮೇಲೆ ಯಾವುದಕ್ಕೆ ಅಂದಳು ಎಂದು ಬರೆದುಕೊಳ್ಳಿ.

ಗೊಂಬೆಗೆ ‘ಬನ್ನಿ’, ತಾತನಿಗೆ ‘ಬಾರೋ’ ಎನ್ನುವುದನ್ನು ಅಗೌರವ ಎಂದು ಯಾರೂ ತಿಳಿಯಬಾರದು. ಕನ್ನಡದಲ್ಲಿ ಕರೆಯುವುದಕ್ಕೆ ಎರಡು ದಾರಿ ಇವೆ ಎಂದು ಅವಳಿಗೆ ಗೊತ್ತಾಗಿದೆ, ಅವೆರಡನ್ನೂ ಬೇರೆಬೇರೆ ಸಂದರ್ಭಕ್ಕೆ ಹಂಚಿಯೂ ಇದ್ದಾಳೆ. ಆದರೆ ಅವಳ ಹಂಚಿಕೆ ವಯಸ್ಸಿನದಲ್ಲ. ‘ಬನ್ನಿ, ಕೂತ್ಕೊಳ್ಳಿ’ ಎನ್ನುವುದು ಅವಳು ಕಂಡಂತೆ ಬಾಗಿಲಿಗೆ ಬಂದ ಹೊಸಬರಿಗೆ ಹೇಳುವ ಮಾತು; ಆಟದಲ್ಲಿ ಗೊಂಬೆ ಬಂದ ಅತಿಥಿ. ‘ಬಾರೋ’ ಅವಳ ಕಿವಿಗೆ ಎತ್ತಿಕೊಳ್ಳಲು ಕೈಚಾಚಿದವರ ಕರೆ. ತಾತ ಎತ್ತಿಕೊಳ್ಳುವವರು. ಅವಳ ಲೆಕ್ಕದಲ್ಲಿ ‘ಬಾರೋ’ ದೊಡ್ಡ ಪದವಿ. ಸರಿಯಾದ ರೂಪ ಕಲಿಯಲು ತಾತನನ್ನು ನೀವು ‘ಬನ್ನಿ’ ಎನ್ನುವುದನ್ನು ಅವಳು ಕೇಳುತ್ತಿದ್ದರೆ ಸಾಕು. ಅಲ್ಲಿಯವರೆಗೆ ತಾತನಿಗೆ ಬೇಸರವಿಲ್ಲ ಎಂದು ನನ್ನ ಊಹೆ.

ಚಪ್ಪಲಿಯ ವಿಧಿಯ ಬಗ್ಗೆ ಚಿಕ್ಕದಾಗಿ. ಎರಡರಿಂದ ನಾಲ್ಕು ವರ್ಷದ ನಡುವೆ ಮಕ್ಕಳಿಗೆ ಇಂಥ ಕಟ್ಟುನಿಟ್ಟು ಹೆಚ್ಚು: ಅದೇ ಲೋಟ, ಅದೇ ಹೊದಿಕೆ, ಅದೇ ಕ್ರಮದಲ್ಲಿ ಬೀಳ್ಕೊಡುಗೆ. ದಿನದಲ್ಲಿ ಹೆಚ್ಚಿನದನ್ನು ದೊಡ್ಡವರು ತೀರ್ಮಾನಿಸುವಾಗ ತನ್ನ ಹಿಡಿತದಲ್ಲಿರುವ ಒಂದು ಮೂಲೆ ಅದು. ನಿದ್ದೆಗೆ, ಅಂದರೆ ನಿಮ್ಮಿಂದ ದೂರವಾಗುವುದಕ್ಕೆ, ಮುಂಚೆ ಬೇಕಾಗುವ ಭದ್ರತೆ. ಎರಡು ನಿಮಿಷದಲ್ಲಿ ಮುಗಿಯುವುದಾದರೆ ಜೋಡಿಸಿಬಿಡಿ. ಎಷ್ಟು ಜೊತೆ ಜೋಡಿಸಿದರೂ ಸಮಾಧಾನವಾಗದೆ, ನಿದ್ದೆ, ಊಟ, ಹೊರಗೆ ಹೋಗುವುದು ಎಲ್ಲವೂ ಕೆಡುವಷ್ಟಾದರೆ ಆಗ ಯಾರನ್ನಾದರೂ ಕೇಳಬೇಕು. ನೀವು ಬರೆದದ್ದು ಆ ಬಗೆಯದಲ್ಲ.

ಪಾರ್ಕಿನ ಮಾತಿಗೆ ಬರೋಣ. ‘ಸೇರುವುದಿಲ್ಲ, ನಿಂತು ನೋಡುತ್ತಾಳೆ ಅಷ್ಟೆ’ ಎಂದು ಬರೆದಿದ್ದೀರಿ. ಆ ‘ಅಷ್ಟೆ’ಯನ್ನು ಹೊಡೆದುಹಾಕಿ. ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ 1932ರಲ್ಲಿ ಎರಡರಿಂದ ಐದು ವರ್ಷದೊಳಗಿನ ಮಕ್ಕಳ ಆಟವನ್ನು ಆರು ಬಗೆಯಾಗಿ ವಿಂಗಡಿಸಿದರು. ಅದರಲ್ಲಿ ‘ನೋಡುತ್ತ ನಿಲ್ಲುವುದು’ ತಾನೇ ಒಂದು ಬಗೆ. ಪಕ್ಕಪಕ್ಕದಲ್ಲೇ ಕೂತು, ಒಂದೇ ಥರದ ಆಟಿಕೆ ಹಿಡಿದು, ತಮ್ಮಷ್ಟಕ್ಕೆ ತಾವು ಆಡುವುದು ಇನ್ನೊಂದು. ಈ ವಯಸ್ಸಿನವರಲ್ಲಿ ನೀವು ಹೆಚ್ಚಾಗಿ ಕಾಣುವುದು ಅದನ್ನೇ. ಸೇರಿ, ಕೆಲಸ ಹಂಚಿಕೊಂಡು ಆಡುವ ಆಟ ನಿಧಾನಕ್ಕೆ ಬರುತ್ತದೆ. ಹಾಗಂತ ಇವನ್ನು ಮೆಟ್ಟಿಲುಗಳಂತೆ ಎಣಿಸಬೇಕಾಗಿಲ್ಲ. ನಾಲ್ಕು ವರ್ಷದವರೂ, ನಲವತ್ತು ವರ್ಷದವರೂ ಹೊಸ ಗುಂಪಿನ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇವೆ. ಅವಳು ಯಾವ ಮಗುವನ್ನು ನೋಡುತ್ತಾಳೆ, ಮನೆಗೆ ಬಂದು ಅದರಲ್ಲಿ ಯಾವುದನ್ನು ಗೊಂಬೆಯ ಜೊತೆ ಆಡುತ್ತಾಳೆ ಎಂದು ಗಮನಿಸಿ. ಆ ಹುಡುಗನ ಜೊತೆ ಒಂದು ಮಾತೂ ಆಡದೆ ಅವನನ್ನು ‘ಫ್ರೆಂಡು’ ಮಾಡಿಕೊಂಡಿದ್ದಾಳೆ ಎಂದರೆ ಆ ಗೆಳೆತನ ನಡೆಯುತ್ತಿರುವುದು ನಿಮ್ಮ ಮನೆಯಲ್ಲಿ, ಗೊಂಬೆಗಳ ಮಧ್ಯೆ. ಪುಸ್ತಕದಲ್ಲಿ ಆ ಹುಡುಗನಿಗೂ ಒಂದು ಪುಟ ಕೊಡಿ. ಮೊದಲ ಗೆಳೆಯರ ಬಗ್ಗೆ ಯಾರೂ ಬರೆದಿಡುವುದಿಲ್ಲ.

ಅವನು ಅತ್ತಾಗ ಅವಳು ನಿಮ್ಮನ್ನು ಎಳೆದೊಯ್ದದ್ದಂತೂ ನಮ್ಮ ಕ್ಷೇತ್ರದ ಪಾಠಗಳಲ್ಲಿ ಬರುವ ದೃಶ್ಯ. ಮಾರ್ಟಿನ್ ಹಾಫ್‌ಮನ್ ಎಂಬ ಮನೋವಿಜ್ಞಾನಿ ಬಹುಮಟ್ಟಿಗೆ ಇಂಥದೇ ಘಟನೆಯನ್ನು ದಾಖಲಿಸಿದ್ದಾರೆ: ಅಳುವ ಗೆಳೆಯನ ತಾಯಿ ಅಲ್ಲೇ ಇದ್ದರೂ ಮಗು ತನ್ನ ತಾಯಿಯನ್ನು ಕರೆತಂದದ್ದು. ಇನ್ನೊಬ್ಬರ ನೋವು ಗೊತ್ತಾಗಿದೆ, ಏನಾದರೂ ಮಾಡಬೇಕೆಂದೂ ಗೊತ್ತಾಗಿದೆ. ಅವನಿಗೆ ಬೇಕಾದ ಮದ್ದು ತನಗೆ ಬೇಕಾದದ್ದಕ್ಕಿಂತ ಬೇರೆ ಇರಬಹುದು ಎಂಬುದೊಂದು ಇನ್ನೂ ಗೊತ್ತಾಗಿಲ್ಲ. ತನಗೆ ಕೆಲಸ ಮಾಡುವ ಮದ್ದನ್ನೇ ತಂದಳು. ಆ ಮದ್ದು ನೀವು. ಇಂಥ ಮಗುವಿಗೆ ‘ಹೋಗು, ಆಡು, ನಾಚಿಕೆ ಯಾಕೆ’ ಎಂದು ಬೆನ್ನು ತಳ್ಳಬೇಡಿ. ಬೇಕಾದರೆ ನೀವೇ ಆ ಮಕ್ಕಳ ಹತ್ತಿರ ಮರಳಲ್ಲಿ ಕೂತುಬಿಡಿ. ಬಂದರೆ ಬರುತ್ತಾಳೆ.

ಫೋನಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ‘ಫೋನ್ ತಗೊಂಡ್ಯಾ?’ ಎನ್ನುವುದು ನಿಮ್ಮ ಪತ್ರದಲ್ಲಿ ನನಗೆ ಹಿಡಿಸದ ಒಂದೇ ಮಾತು. ಅದನ್ನು ಅವಳ ತಪ್ಪು ಎನ್ನುವಂತಿಲ್ಲ. ತನ್ನ ಮಾತಿಗೆ ಬರುವ ಉತ್ತರ ಇನ್ನೊಂದು ಮಾತಲ್ಲ, ಮೇಲೆತ್ತಿದ ಫೋನ್ ಎಂದು ಅವಳು ಕಲಿತಿದ್ದಾಳೆ. ಮತ್ತೊಮ್ಮೆ ಹೇಳು ಎಂದು ಹೇಳಿಸಿದ ಮಾತು ಮೊದಲ ಮಾತಲ್ಲ. ಮೊದಲನೆಯದು ನಿಮಗೆ ಹೇಳಿದ್ದು, ಎರಡನೆಯದು ನೋಡುವವರಿಗೆ ಆಡಿದ್ದು. ವಿಡಿಯೋ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಈ ವಯಸ್ಸಿನ ದನಿಯನ್ನು, ನಡಿಗೆಯನ್ನು ಯಾವ ನೋಟ್‌ಬುಕ್ಕೂ ಹಿಡಿಯಲಾರದು, ಮುಂದೆ ನೀವು ಹಂಬಲಿಸುವುದು ಆ ದನಿಗೇ. ಅವಳು ತನ್ನ ಪಾಡಿಗೆ ಆಡುವಾಗ ದೂರದಲ್ಲಿ ಫೋನ್ ನಿಲ್ಲಿಸಿ, ತಿಂಗಳಿಗೊಮ್ಮೆ ಹತ್ತು ನಿಮಿಷ ಸುಮ್ಮನೆ ಓಡಲು ಬಿಡಿ. ಏನೂ ವಿಶೇಷ ನಡೆಯದ ಆ ಹತ್ತು ನಿಮಿಷ ನೂರು ತುಣುಕುಗಳಿಗಿಂತ ಮೇಲು.

ಯಜಮಾನರಿಗೆ ಒಂದು ಅಧ್ಯಯನವನ್ನೂ ಹೇಳಬಹುದು. 2014ರಲ್ಲಿ ಲಿಂಡಾ ಹೆಂಕೆಲ್ ಎಂಬ ಮನೋವಿಜ್ಞಾನಿ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದವರಿಗೆ ಕೆಲವು ವಸ್ತುಗಳ ಫೋಟೋ ತೆಗೆಯಲು, ಕೆಲವನ್ನು ಬರೀ ನೋಡಲು ಹೇಳಿದ ಪ್ರಯೋಗವನ್ನು ಪ್ರಕಟಿಸಿದರು. ಮರುದಿನ ಕೇಳಿದಾಗ, ಫೋಟೋ ತೆಗೆದವುಗಳಿಗಿಂತ ಬರೀ ನೋಡಿದವು ಹೆಚ್ಚು ನೆನಪಿದ್ದವು. ಆದರೆ ಯಾವುದೋ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದಾಗ ಆ ನಷ್ಟ ಆಗಿರಲಿಲ್ಲ. ಅಲ್ಲಿ ಇದ್ದವರು ದೊಡ್ಡವರು, ನೋಡಿದ್ದು ವಸ್ತುಗಳು. ಅದನ್ನು ಯಥಾವತ್ತಾಗಿ ಮನೆಗೆ ತರಲಾಗದು. ಆದರೂ ಫೋನ್ ಹಿಡಿದದ್ದು ತಾನು ಹಿಡಿದಂತೆ ಎಂದು ಮನಸ್ಸು ಕೈಚೆಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ.

ಹಾಗಾಗಿ ನನ್ನ ನಿಯಮ ಒಂದೇ: ಮೊದಲು ಉತ್ತರ, ಆಮೇಲೆ ದಾಖಲೆ. ಮಗು ಏನೋ ಹೇಳಿತು. ಅದಕ್ಕೆ ಮಾತಾಡಿ, ಮಾತು ತಾನಾಗಿ ಮುಗಿಯಲಿ, ಅವಳು ಇನ್ನೊಂದಕ್ಕೆ ಓಡಿಹೋಗಲಿ. ಆಮೇಲೆ ಕೈಗೆ ಸಿಕ್ಕ ಚೀಟಿಯ ಮೇಲೆ ಎರಡು ಪದ ಗೀಚಿಕೊಳ್ಳಿ, ರಾತ್ರಿ ನಾಲ್ಕು ಸಾಲು ಮಾಡಿ. ಅಷ್ಟರಲ್ಲಿ ಮರೆತುಹೋದರೆ ಹೋಗಲಿ. ಅವಳಿಗೆ ಉತ್ತರವಂತೂ ಸಿಕ್ಕಿರುತ್ತದೆ.

ನೆಂಟರ ಗುಂಪಿಗೆ ಕಳಿಸುವುದರ ಬಗ್ಗೆ: ಅಜ್ಜಿ–ತಾತ, ಚಿಕ್ಕಮ್ಮ–ಮಾವಂದಿರಿಗೆ ಅವಳ ಮಾತು ಕೇಳುವ ಆಸೆ ಇರುತ್ತದೆ, ಅದು ನ್ಯಾಯವೇ. ಆದರೆ ಅವಳು ಅತ್ತದ್ದು, ಹೆದರಿದ್ದು, ಬಚ್ಚಲುಮನೆಯ ಮಾತು, ಹೊರಗಿನ ಮಕ್ಕಳ ಮುಖ ಇವು ಮನೆಯೊಳಗೇ ಇರಲಿ. ಅವಳ ಎದುರಿಗೇ ‘ಮೊನ್ನೆ ಏನಂದಳು ಗೊತ್ತಾ?’ ಎಂದು ಹೇಳಿ ಎಲ್ಲರೂ ನಕ್ಕಾಗ ಒಮ್ಮೆ ಅವಳ ಮುಖ ನೋಡಿ. ಕೆಲವು ಮಕ್ಕಳು ಹಿಗ್ಗುತ್ತಾರೆ, ಕೆಲವರು ಅಮ್ಮನ ಸೆರಗಿನ ಹಿಂದೆ ಹೋಗುತ್ತಾರೆ. ಅವಳು ತಮಾಷೆ ಮಾಡಿರಲಿಲ್ಲ, ಲೋಕದ ಬಗ್ಗೆ ತಾನು ಕಂಡುಕೊಂಡದ್ದನ್ನು ನಿಮಗೆ ಹೇಳಿದ್ದಳು.

ವೈದ್ಯಕೀಯ ಮಾತನ್ನೂ ಬೇಗ ಮುಗಿಸುತ್ತೇನೆ, ಏಕೆಂದರೆ ನಿಮ್ಮ ಮಗಳಲ್ಲಿ ನನಗೆ ಚಿಂತೆಯ ಲಕ್ಷಣ ಯಾವುದೂ ಕಾಣಲಿಲ್ಲ. ಬೇರೆ ಓದುಗರಿಗೆ: ಎರಡು ವರ್ಷಕ್ಕೆ ಎರಡು ಪದ ಕೂಡಿಸಿ ಹೇಳದಿದ್ದರೆ, ಒಂದೂವರೆ ವರ್ಷಕ್ಕೆ ಬೆರಳು ತೋರಿಸಿ ಏನನ್ನೂ ಕೇಳದಿದ್ದರೆ, ಮೂರು ವರ್ಷಕ್ಕೆ ಮಾತಿನ ಬಹುಪಾಲು ಹೊರಗಿನವರಿಗೆ ತಿಳಿಯದಿದ್ದರೆ, ಕರೆದರೆ ಕೇಳಿಸಿದಂತೆ ಕಾಣದಿದ್ದರೆ, ಮಕ್ಕಳ ವೈದ್ಯರನ್ನು ಕಂಡು ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ಬಂದ ಮಾತುಗಳು ಯಾವ ವಯಸ್ಸಿನಲ್ಲೇ ಆಗಲಿ ಹೊರಟುಹೋಗುತ್ತಿದ್ದರೆ ತಡಮಾಡಬೇಡಿ. ‘ಬಿತ್ತು’ ಹೋಗಿ ‘ಬೀಳಿತು’ ಬಂದದ್ದು ಹೊರಟುಹೋಗುವುದಲ್ಲ. ವೈದ್ಯರ ಹತ್ತಿರ ಹೋಗುವಾಗ ಇಂಥದೊಂದು ನೋಟ್‌ಬುಕ್ ಇದ್ದರೆ ತೆಗೆದುಕೊಂಡು ಹೋಗಿ. ಅಳುತ್ತಿರುವ ಮಗುವನ್ನು ನಾವು ಕೋಣೆಯಲ್ಲಿ ಅರ್ಧ ಗಂಟೆ ನೋಡಿದ್ದಕ್ಕಿಂತ ತಾರೀಖು ಹಾಕಿದ ಇಪ್ಪತ್ತು ಸಾಲು ಹೆಚ್ಚು ಹೇಳುತ್ತದೆ.

ಇದನ್ನೆಲ್ಲ ಯಾಕೆ ಇಷ್ಟು ಹೇಳುತ್ತಿದ್ದೇನೆಂದರೆ, ಅವಳಿಗೆ ಇದರಲ್ಲಿ ಹೆಚ್ಚಿನದು ನೆನಪಿರುವುದಿಲ್ಲ. ದೊಡ್ಡವರನ್ನು ಕೇಳಿದರೆ ಅವರ ಅತಿ ಹಳೆಯ ನೆನಪು ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದ ಆಚೀಚೆಯದು. 2014ರಲ್ಲಿ ಪೆಟ್ರೀಷಿಯಾ ಬಾವರ್ ಮತ್ತು ಸಂಗಡಿಗರು ವರದಿ ಮಾಡಿದ ಒಂದು ಅಧ್ಯಯನದಲ್ಲಿ, ಮೂರು ವರ್ಷದವರಿದ್ದಾಗ ಮಕ್ಕಳು ಮಾತಾಡಿದ್ದ ಘಟನೆಗಳನ್ನೇ ವರ್ಷಗಳ ನಂತರ ಅವರಿಗೆ ಕೇಳಿದರು. ಐದರಿಂದ ಏಳು ವರ್ಷದವರಾದಾಗ ಶೇಕಡ 60ಕ್ಕೂ ಹೆಚ್ಚು ನೆನಪಿತ್ತು. ಎಂಟು–ಒಂಬತ್ತರ ಹೊತ್ತಿಗೆ ಶೇಕಡ 40ಕ್ಕಿಂತ ಕಡಿಮೆ. ನಿಮ್ಮ ನೋಟ್‌ಬುಕ್ಕನ್ನು ಅವಳಿಗೆ ನಾಲ್ಕು–ಐದು ವರ್ಷವಾದಾಗ ಓದಿ ಹೇಳಿ. ಮಕ್ಕಳಿಗೆ ಇದಕ್ಕಿಂತ ಇಷ್ಟದ ಕಥೆ ಇಲ್ಲ. ‘ಆಮೇಲೆ ನಾನೇನಂದೆ?’ ಎಂದು ಕೇಳುತ್ತಾಳೆ. ಆಗ ನಾಲ್ಕನೆಯ ಸಾಲು ಇದ್ದರೆ ನೀವು ಬಚಾವ್.

ಇನ್ನೊಂದು ಜಾಗ ಹೇಳಿಬಿಡುತ್ತೇನೆ, ಹೆಚ್ಚಿನವರು ಕಿವಿಗೊಡದ ಜಾಗ. ದೀಪ ಆರಿಸಿದ ಮೇಲೆ, ನಿದ್ದೆಗೆ ಮುಂಚೆ, ಮಕ್ಕಳು ತಮ್ಮಷ್ಟಕ್ಕೆ ತಾವೇ ಆಡಿಕೊಳ್ಳುವ ಮಾತು. ಎಮಿಲಿ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಒಂದು ಮಗುವಿನ ತಂದೆತಾಯಿ, ಅವಳ ಇಪ್ಪತ್ತೊಂದನೆಯ ತಿಂಗಳಿಂದ ಮೂರು ವರ್ಷದವರೆಗೆ, ಮಲಗುವ ಹೊತ್ತಿನ ಇಂಥ ಮಾತನ್ನು ಧ್ವನಿಮುದ್ರಿಸಿದರು. ಕ್ಯಾಥರಿನ್ ನೆಲ್ಸನ್ ಮತ್ತಿತರ ಸಂಶೋಧ‌ಕರು ಅದನ್ನು ಕೂತು ಕೇಳಿದಾಗ ಕಂಡದ್ದು: ತಂದೆತಾಯಿಯ ಜೊತೆ ಆಡುವ ಮಾತಿಗಿಂತ ಅವಳು ಒಬ್ಬಳೇ ಆಡಿಕೊಳ್ಳುವ ಮಾತು ಉದ್ದವಾಗಿತ್ತು, ಹೆಚ್ಚು ಹೆಣೆದುಕೊಂಡಿತ್ತು. ದಿನದಲ್ಲಿ ನಡೆದದ್ದನ್ನು, ನಾಳೆ ನಡೆಯಲಿರುವುದನ್ನು ತನಗೆ ತಾನೇ ಹೇಳಿಕೊಂಡು ಜೋಡಿಸುತ್ತಿದ್ದಳು. ನೀವು ಮುದ್ರಿಸಿಕೊಳ್ಳಬೇಕಾಗಿಲ್ಲ. ಬಾಗಿಲ ಹೊರಗೆ ಐದು ನಿಮಿಷ ನಿಂತು ಕೇಳಿ.

ಈಗ ಆ ‘ನಿನ್ನೆ’. ಈ ವಯಸ್ಸಿಗೆ ‘ನಿನ್ನೆ’ ಎಂದರೆ ಇಂದಿನ ಹಿಂದಿನ ದಿನವಲ್ಲ. ಆಗಿಹೋದದ್ದೆಲ್ಲ ನಿನ್ನೆ, ಆಗಬೇಕಾದದ್ದೆಲ್ಲ ನಾಳೆ. ನೀವು ‘ನಾನು ಚಿಕ್ಕೋಳಾಗಿದ್ದಾಗ’ ಎಂದೂ, ‘ನಿನ್ನ ಎತ್ಕೊಂಡಿದ್ದೆ’ ಎಂದೂ ಎಷ್ಟು ಸಲ ಹೇಳಿರುತ್ತೀರಿ! ಅಮ್ಮನೂ ಒಂದು ಕಾಲದಲ್ಲಿ ಚಿಕ್ಕವಳು ಎಂಬ ವಿಚಿತ್ರ ಸಂಗತಿಯನ್ನು ಅವಳು ನಂಬಿದ್ದಾಳೆ. ಅಮ್ಮ ಚಿಕ್ಕವಳಾಗಿದ್ದರೆ ಆಗ ಅವಳನ್ನು ಯಾರಾದರೂ ಎತ್ತಿಕೊಳ್ಳಬೇಕಲ್ಲ. ಯಾರು? ಅವಳಿಗೆ ತೋಚಿದ ಉತ್ತರ ತಾನು. ಅದಕ್ಕೆ ಆಗ ತಾನು ದೊಡ್ಡವಳಾಗಿರಬೇಕು. ತರ್ಕದಲ್ಲಿ ಎಲ್ಲೂ ಬಿರುಕಿಲ್ಲ, ಕಾಲ ಒಂದೇ ಕಡೆಗೆ ಹರಿಯುತ್ತದೆ ಎಂಬುದು ಗೊತ್ತಿಲ್ಲ ಅಷ್ಟೆ. ‘ಇಲ್ಲಮ್ಮ’ ಎಂದದ್ದರಲ್ಲಿ ದೊಡ್ಡ ತಪ್ಪೇನೂ ಆಗಿಲ್ಲ, ಮಾತು ಅಲ್ಲಿಗೆ ನಿಂತಿತು, ಅಷ್ಟೇ ನಷ್ಟ. ಅದು ಮತ್ತೆ ಬರುತ್ತದೆ. ಮಕ್ಕಳು ಇಂಥದನ್ನು ಒಂದೇ ಸಲಕ್ಕೆ ಬಿಡುವುದಿಲ್ಲ. ಬಾರದಿದ್ದರೆ ನೀವೇ ತೆಗೆಯಿರಿ, ದೀಪ ಆರಿಸಿದ ಮೇಲೆ, ಫೋನ್ ಹೊರಗಿಟ್ಟು: ‘ಅವತ್ತು ನೀನು ದೊಡ್ಡೋಳಾಗಿದ್ದಾಗ ನನ್ನ ಎತ್ಕೊಂಡಿದ್ದೆ ಅಂದ್ಯಲ್ಲ, ಆಗ ನಾನು ಅಳ್ತಿದ್ನಾ?’

ಅವಳು ಏನಂದಳು ಎಂದು ನನಗೂ ಬರೆಯಿರಿ. ಆದರೆ ಮೊದಲು ನೋಟ್‌ಬುಕ್ಕಿಗೆ.